ಸುಂಕದವನ ಮುಂದೆ ಊರಿನ ಹೆಸರು

ಮೊದಲ ಸಲ ದುಬೈಗೆ ಹೊರಡುವ ಮುಂಚೆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಆರು ವಾರದ ಪ್ರಾಜೆಕ್ಟು. ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆ ಕಡೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಮೇಲ್ಗಡೆ ನಮ್ಮ ಮನೆ. ನಾನು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಜಗುಲಿ ತುಂಬ ಸಾಮಾನು ಹರಡಿತ್ತು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಗಿಸಿದ ಮುರುಗಲ ಸಿಪ್ಪೆ, ಪಾಯಸಕ್ಕೆ ಅಂತ ಕಾಲು ಕೇಜಿ ಗಸಗಸೆ. ಪಕ್ಕದಲ್ಲಿ ಅಪ್ಪಯ್ಯನ ಪಾಲು: ಒಂದು ಸಣ್ಣ ಚೀಲದ ತುಂಬ ಅಡಿಕೆ, ಬಾಳೆಪಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ಕಟ್ಟು. ನಾನು ಕವಳ ಹಾಕುವವನೇ ಅಲ್ಲ.

"ನಿಂಗಲ್ಲ ತಮಾ, ಅಲ್ಲಿ ನಮ್ಮೂರವ್ರು ಸಿಕ್ಕಿರೆ ಕೊಡಲೆ" ಅಂದರು ಅಪ್ಪಯ್ಯ.

ಅಡಿಕೆ ತೂಗುವ ತಕ್ಕಡಿಯ ಕೊಕ್ಕೆಗೆ ನನ್ನ ಸೂಟ್‌ಕೇಸ್ ನೇತುಹಾಕಿ ತೂಗುತ್ತಿರುವಾಗಲೇ ಭಟ್ಕಳದ ಗೆಳೆಯನ ಫೋನು ಬಂತು. ಇಂಜಿನಿಯರಿಂಗ್‌ನಲ್ಲಿ ನನ್ನ ರೂಮ್‌ಮೇಟ್, ಈಗ ಅದೇ ಕಂಪನಿ, ಅದೇ ಟೀಮು, ಅದೇ ವಿಮಾನ. ಅವನ ಮನೆಯಲ್ಲಿ ದುಬೈಗೆ ಹೋಗಿಬರುವುದೆಂದರೆ ನಮ್ಮ ಮನೆಯವರು ಶಿರಸಿ ಪೇಟೆಗೆ ಹೋಗಿಬಂದ ಹಾಗೆ.

"ಏನೇನು ತುಂಬಿದೀಯ ಹೇಳು" ಅಂದ. ಒಂದೊಂದೇ ಹೇಳಿದೆ. "ಗಸಗಸೆ ತೆಗೆ ಮಾರಾಯ. ಅಡಿಕೆ, ಎಲೆ ಎರಡೂ ತೆಗೆ. ಕೆಮ್ಮಿನ ಸಿರಪ್ ಇದ್ರೆ ಅದರಲ್ಲಿ ಕೊಡೀನ್ ಇದೆಯಾ ನೋಡು. ಮಾತ್ರೆಗಳಿಗೆಲ್ಲ ಡಾಕ್ಟರ ಚೀಟಿ ಇಟ್ಕೋ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ ಹಾಕು, ಕೈಚೀಲದಲ್ಲಿ ಬೇಡ."

ಗಸಗಸೆ ಅಫೀಮಿನ ಗಿಡದ ಬೀಜ. ನಮಗೆ ಅದು ಪಾಯಸ, ಯುಎಇ ಕಾನೂನಿಗೆ ಅದು ಮಾದಕ ವಸ್ತುವಿನ ಸಾಲಿಗೆ ಸೇರಿದ್ದು. ಸಿಂಗಾಪುರದಲ್ಲೂ ಹಾಗೇ. ಅಡಿಕೆ, ವೀಳ್ಯದೆಲೆ ಕೂಡ ಯುಎಇಯ ನಿಷೇಧದ ಪಟ್ಟಿಯಲ್ಲಿವೆ. ಇದನ್ನು ವಿವರಿಸಿದಾಗ ಆಯಿಗೆ ನಗು. "ಗಸಗಸೆಗೆ ಜೈಲನಾ?" ಅಂದಳು. ಅಪ್ಪಯ್ಯ ಮಾತ್ರ ನಗಲಿಲ್ಲ. ಹೊನ್ನಾವರದ ಎಲೆ ಉತ್ತರ ಭಾರತದ ಪೇಟೆಗಳವರೆಗೂ ಹೋಗುತ್ತದೆ ಅನ್ನುವ ಹೆಮ್ಮೆ ಅವರದು. "ಕವಳ ಹಾಕಲೂ ಬಿಡದೇ ಇದ್ದ ಊರು ಎಂಥಾ ಊರಾ ಅದು?" ಅಂತ ಚೀಲ ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ಕತ್ತಲಲ್ಲಿ ಜಗುಲಿಯ ಮೇಲೆ ಕೂತಾಗ ಅವರೇ ಒಂದು ಗಾದೆ ಹೇಳಿದರು. ನೀವೂ ಕೇಳಿರುತ್ತೀರಿ: ಸುಂಕದವನ ಮುಂದೆ ಸುಖದುಃಖ ಹೇಳಿದ ಹಾಗೆ. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಮಾತು. ಆದರೆ ಅವತ್ತು ಮೊದಲ ಸಲ ಅನ್ನಿಸಿತು: ಸುಂಕದವನ ಕಟ್ಟೆಯ ಮುಂದೆ ತಲೆತಲಾಂತರ ನಿಂತು ಸಾಕಾದವರಿಗೆ ಮಾತ್ರ ಇಂಥ ಗಾದೆ ಹುಟ್ಟೋದು. ಸುಂಕದವನಿಗೆ ನಿಮ್ಮ ಕಥೆ ಬೇಡ. ಅವನಿಗೆ ಬೇಕಾದ್ದು ನಾಲ್ಕೇ ಉತ್ತರ. ನೀನು ಯಾರು? ಯಾಕೆ ಬಂದೆ? ಏನು ತಂದೆ? ಯಾವಾಗ ವಾಪಸ್ ಹೋಗ್ತೀಯ?

ಇವತ್ತು ನಾವು ಪಾಸ್‌ಪೋರ್ಟು, ವೀಸಾ, ರಿಟರ್ನ್ ಟಿಕೆಟ್, ಹೋಟೆಲ್ ಬುಕಿಂಗ್ ಅಂತ ಫೈಲು ಮಾಡಿಕೊಂಡು ಹೋಗೋದು ಇದೇ ನಾಲ್ಕು ಪ್ರಶ್ನೆಗೆ. ತಮಾಷೆ ಅಂದರೆ ಭಟ್ಕಳ, ಹೊನ್ನಾವರ, ಕುಮಟಾಗಳ ಜನಕ್ಕೆ ಈ ಪ್ರಶ್ನೆಗಳು ಹೊಸವೇನಲ್ಲ. ಒಂದು ಕಾಲದಲ್ಲಿ ಕೌಂಟರಿನ ಆಚೆ ಕೂತು ಕೇಳುತ್ತಿದ್ದವರು ನಾವು. ಆಮೇಲೆ ಈಚೆ ಬಂದು ನಿಂತವರೂ ನಾವೇ.

ಇಬ್ನ್ ಬತೂತ ಅನ್ನುವ ಮೊರಾಕೊದ ಯಾತ್ರಿಕ 1342ರ ಸುಮಾರಿಗೆ ನಮ್ಮ ಕರಾವಳಿಗೆ ಬಂದಿದ್ದ. ಬಾರಕೂರಿನ ಬಗ್ಗೆ ಬರೆಯುವಾಗ ಅವನು ಒಂದು ಪದ್ಧತಿ ದಾಖಲಿಸುತ್ತಾನೆ. ಈ ಕರಾವಳಿಯಲ್ಲಿ ಯಾವ ಹಡಗು ಬಂದರಿನ ಮುಂದೆ ಹಾದುಹೋದರೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು. ಅದಕ್ಕೆ 'ಬಂದರಿನ ಹಕ್ಕು' ಅಂತ ಹೆಸರು. ಕೊಡದೆ ಜಾರಿಕೊಂಡರೆ ಅರಸನ ದೋಣಿಗಳು ಬೆನ್ನಟ್ಟಿ ಹಿಡಿದು ತರುತ್ತವೆ, ಎರಡು ಪಟ್ಟು ವಸೂಲಿ ಮಾಡುತ್ತವೆ, ಮನಸ್ಸು ಬಂದಷ್ಟು ದಿನ ನಿಲ್ಲಿಸಿಕೊಳ್ಳುತ್ತವೆ. ಗ್ರೀನ್ ಚಾನೆಲ್‌ನಲ್ಲಿ ನುಗ್ಗಿ ಸಿಕ್ಕಿಬಿದ್ದವನ ಕಥೆ ಇವತ್ತಿಗೂ ಹೆಚ್ಚು ಕಡಿಮೆ ಇದೇ. ನಮ್ಮ ಅರಸರೇನೂ ಸಾಧುಗಳಾಗಿರಲಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಅದೇ ಇಬ್ನ್ ಬತೂತ ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು, ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಅಂತ ಬರೆದಿದ್ದಾನೆ. ಊಟದ ವಿವರವಂತೂ ಓದಿದರೆ ಬಾಯಲ್ಲಿ ನೀರು ಬರುತ್ತೆ: ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ನಮ್ಮ ಮನೆಯ ಊಟಕ್ಕೂ ಅದಕ್ಕೂ ಏನು ವ್ಯತ್ಯಾಸ? ಆದರೆ ಆ ಮನುಷ್ಯ ಇನ್ನೊಂದು ಸಲ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನ ಉಂಡು ಸೋತುಹೋಗಿದ್ದನಂತೆ. ಪರದೇಶದಲ್ಲಿ ಮಗ ಏನು ತಿಂತಾನೋ ಅನ್ನುವ ಆಯಿಯ ಚಿಂತೆಗೆ ಏಳುನೂರು ವರ್ಷದ ಹಿಂದಿನ ಸಾಕ್ಷಿ ಸಿಕ್ಕಿತು ಅಂತ ನಾನು ಈ ಭಾಗ ಓದಿದಾಗ ನಕ್ಕಿದ್ದೆ.

ನೂರು ವರ್ಷದ ನಂತರ ಪರ್ಶಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದ. ವಿಜಯನಗರಕ್ಕೆ ಹೋಗಿ, ವಾಪಸ್ ಹೋಗುವಾಗ 1444ರ ಆರಂಭದಲ್ಲಿ ಹೊನ್ನಾವರದಲ್ಲೇ ಹಡಗು ಗೊತ್ತುಮಾಡಿಕೊಂಡು ಹೊರಟ. ಅವನು ಕಲ್ಲಿಕೋಟೆಯ ಸುಂಕದವರನ್ನು ಬಹಳ ಹೊಗಳುತ್ತಾನೆ. ವ್ಯಾಪಾರಿಗಳ ಸರಕನ್ನು ಅಧಿಕಾರಿಗಳೇ ಹಗಲೂ ರಾತ್ರಿ ಕಾಯುತ್ತಾರೆ, ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರಾಟ ಆಗದಿದ್ದರೆ ಏನೂ ಇಲ್ಲ. ಲೆಕ್ಕ ಹಾಕಿ, ಶೇಕಡಾ ಎರಡೂವರೆ. ಬಂದರು ಬೆಳೆಯೋದು ಹೀಗೆ. ಸುಂಕ ಕಮ್ಮಿ, ನಿಯಮ ಸ್ಪಷ್ಟ, ಕಾವಲು ಗಟ್ಟಿ. ಅರಬ್ಬೀ ಸಮುದ್ರದ ಸುತ್ತಲಿನ ಬಂದರುಗಳು ಒಂದರ ಜೊತೆ ಒಂದು ಪೈಪೋಟಿ ಮಾಡುತ್ತಿದ್ದವು. ವ್ಯಾಪಾರಿಗೆ ಒಂದು ಕಡೆ ಕಿರುಕುಳವಾದರೆ ಮುಂದಿನ ಸಲ ಇನ್ನೊಂದು ಕಡೆ ಇಳಿಯುತ್ತಿದ್ದ.

ಭಟ್ಕಳ ಆಗ ವಿಜಯನಗರದ ದೊಡ್ಡ ಬಾಗಿಲು. ಹೊರ್ಮುಜ್‌ನಿಂದ ಕುದುರೆ, ಮುತ್ತು ಬಂದಿಳಿಯುತ್ತಿದ್ದವು. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿದ್ದವು ಅಂತ ಪೋರ್ಚುಗೀಸ್ ಅಧಿಕಾರಿ ಬಾರ್ಬೋಸಾ ಬರೆಯುತ್ತಾನೆ. ಗೆಳೆಯನ ನವಾಯತ ಸಮುದಾಯ ಈ ವ್ಯಾಪಾರದ ಜೊತೆಗೇ ಬೆಳೆದದ್ದು. ಅರಬ್ ವರ್ತಕರು ಇಲ್ಲೇ ನೆಲೆಸಿ, ಇಲ್ಲಿಯವರ ಜೊತೆ ಸಂಬಂಧ ಬೆಳೆಸಿದರು ಅನ್ನುವುದು ಅವರ ಹಿರಿಯರ ನೆನಪು. ಅವರ ಮನೆಮಾತು ನವಾಯತಿ ಕೇಳಿದರೆ ನಿಮಗೆ ಅರ್ಥವಾಗುತ್ತೆ. ಮೈ ಕೊಂಕಣಿಯದು, ಒಳಗೆ ಅರಬ್ಬಿ, ಪರ್ಶಿಯನ್ ಪದಗಳು.

ಈ ಆಟದ ನಿಯಮ ಬದಲಾದದ್ದು 1502ರಲ್ಲಿ. ವಾಸ್ಕೋ ಡ ಗಾಮ ಎರಡನೆಯ ಸಲ ಬಂದಾಗ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಬಿತ್ತು. ಭಟ್ಕಳದ ಮೇಲೆ ವರ್ಷಕ್ಕೆ ಇಷ್ಟು ಹೇರು ಅಕ್ಕಿ ಕೊಡಬೇಕು ಅಂತ ಕಪ್ಪ ಹೇರಲಾಯಿತು. ಪೋರ್ಚುಗೀಸ್ ಬರಹಗಾರ ಕೊರೆಯಾ ಲೆಕ್ಕವನ್ನೂ ಕೊಡುತ್ತಾನೆ: ನಾವಿಕರಿಗೆ ದಪ್ಪ ಅಕ್ಕಿ 1,000 ಹೇರು, ಕಪ್ತಾನರಿಗೆ ಸಣ್ಣಕ್ಕಿ 500 ಹೇರು. ಜೊತೆಗೆ ಷರತ್ತು: ಮೆಣಸಿನ ವ್ಯಾಪಾರ ಮಾಡಬಾರದು, ತುರ್ಕರನ್ನು ಬಂದರಿಗೆ ಬಿಡಬಾರದು, ಕಲ್ಲಿಕೋಟೆಗೆ ಹಡಗು ಕಳಿಸಬಾರದು.

ಅದರ ಹಿಂದೆಯೇ ಬಂತು ಒಂದು ಕಾಗದ. ಹೆಸರು ಕಾರ್ತಾಜ್. ಕಾಗದ ಅನ್ನುವ ಅರ್ಥದ ಅರಬ್ಬಿಯ 'ಕಿರ್ತಾಸ್'ನಿಂದ ಬಂದ ಪದ ಅನ್ನುತ್ತಾರೆ. ಅರಬ್ಬೀ ಸಮುದ್ರದಲ್ಲಿ ವ್ಯಾಪಾರಕ್ಕೆ ಹೊರಡುವ ಹಡಗು ಪೋರ್ಚುಗೀಸರಿಂದ ಈ ಕಾಗದ ಪಡೆದಿರಬೇಕು. ಹಡಗಿನ ಗಾತ್ರ ಎಷ್ಟು, ನಾಯಕ ಯಾರು, ಜನ ಎಷ್ಟು, ಆಯುಧ ಎಷ್ಟು, ಎಲ್ಲಿಂದ ಎಲ್ಲಿಗೆ, ಇದೆಲ್ಲ ಅದರಲ್ಲಿ ಇರಬೇಕು. ಮೆಣಸಿನಂಥ ಸರಕು ಹೇರಬಾರದು, ಶತ್ರುಗಳನ್ನು ಹತ್ತಿಸಿಕೊಳ್ಳಬಾರದು. ದಾರಿಯಲ್ಲಿ ಪೋರ್ಚುಗೀಸ್ ಕೋಟೆಯೊಂದಕ್ಕೆ ಹೋಗಿ ಸುಂಕ ಕಟ್ಟಲೇಬೇಕು. ಕಾಗದಕ್ಕೆ ಕೊಡುವ ದುಡ್ಡು ಅಲ್ಪ, ನಿಜವಾದ ವಸೂಲಿ ಕೋಟೆಯ ಸುಂಕದ ಕಟ್ಟೆಯಲ್ಲಿ. ಕಾಗದ ಇಲ್ಲದ ಹಡಗು ಸಿಕ್ಕರೆ ಜಪ್ತಿ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಇದು ಆಕ್ಸೆಸ್ ಟೋಕನ್. ಆದರೆ ಒಂದು ವ್ಯತ್ಯಾಸ ಗಮನಿಸಿ. ಬಾರಕೂರಿನ ಅರಸ 'ಬಂದರಿನ ಹಕ್ಕು' ಕೇಳಿದ್ದು ತನ್ನ ಊರಿನ ಮುಂದೆ ಬಂದವನಿಂದ. ಪೋರ್ಚುಗೀಸರು ಕಾಗದ ಕೇಳಿದ್ದು ಸಮುದ್ರಕ್ಕೆ. ಅಜ್ಜನ ಕಾಲದಿಂದ ಓಡಾಡಿದ ನೀರಿನ ಮೇಲೆ ಹೋಗಲು, ಸಾವಿರಾರು ಮೈಲಿ ದೂರದಿಂದ ಬಂದವನ ಹತ್ತಿರ ಭಟ್ಕಳದವನು ಅನುಮತಿ ಕೇಳಬೇಕು. ಯಾರ ಬಾಗಿಲಲ್ಲಿ ಯಾರು ನಿಂತು ಯಾರನ್ನು ಕೇಳೋದು ಅನ್ನೋದು ಇಲ್ಲಿಂದ ತಲೆಕೆಳಗಾಯಿತು.

ಎಲ್ಲರೂ ತಲೆ ಬಾಗಿಸಲಿಲ್ಲ, ಎಲ್ಲರೂ ಎದುರೂ ನಿಲ್ಲಲಿಲ್ಲ. ಹೊನ್ನಾವರದ ತಿಮ್ಮೋಜ 1510ರಲ್ಲಿ ಗೋವಾ ಹಿಡಿಯಲು ಅಲ್ಬುಕರ್ಕ್‌ಗೆ ನೆರವಾದ. ಗೇರುಸೊಪ್ಪೆಯ ಚೆನ್ನಭೈರಾದೇವಿ ಹದಿನಾರನೆಯ ಶತಮಾನದ ಉತ್ತರಾರ್ಧದುದ್ದಕ್ಕೂ ಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡು ಪೋರ್ಚುಗೀಸರ ಜೊತೆ ಒಮ್ಮೆ ಜಗಳ, ಒಮ್ಮೆ ಒಪ್ಪಂದ ಅಂತ ದಶಕಗಟ್ಟಲೆ ಸಂಭಾಳಿಸಿದಳು. ಅವಳನ್ನು 'ಕಾಳುಮೆಣಸಿನ ರಾಣಿ' ಅಂತ ಕರೆದವರು ಪೋರ್ಚುಗೀಸರೇ. 1560ರ ದಶಕದ ಕೊನೆಗೆ ಹೊನ್ನಾವರದಲ್ಲಿ ಅವರ ಕೋಟೆ ಎದ್ದಿತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಅದನ್ನು ಕಿತ್ತುಕೊಂಡ.

ಈ ನಡುವೆ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರಕ್ಕೆ ಬಂದ. ಅವನದ್ದು ಜಾಣತನ. ಇಕ್ಕೇರಿಯ ವೆಂಕಟಪ್ಪನಾಯಕನ ಬಳಿ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡ. ಒಳ್ಳೆಯ ಸ್ಪಾನ್ಸರ್ ಇದ್ದರೆ ಪ್ರಶ್ನೆ ಕಮ್ಮಿ ಅನ್ನೋದು ಆಗಲೂ ಗೊತ್ತಿತ್ತು. ಅವರು ಹೋದದ್ದು ನಮ್ಮ ಮನೆಯ ಮುಂದಿನ ಹೊಳೆಯಲ್ಲೇ, ದೋಣಿಯ ಮೇಲೆ ಗೇರುಸೊಪ್ಪೆಯವರೆಗೆ. ಚೆನ್ನಭೈರಾದೇವಿಯ ರಾಜಧಾನಿ ಅಷ್ಟರಲ್ಲಿ ಪಾಳುಬಿದ್ದು ಮರ ಬೆಳೆದಿತ್ತು. ಘಟ್ಟದ ದಾರಿಯ ಗುಡಿಯೊಂದರ ಜಗುಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಅವನು ನಿಂತು ನೋಡಿ ಬರೆದಿಟ್ಟ. ಬಂದವರೆಲ್ಲ ಮೆಣಸು ಎಣಿಸಿಕೊಂಡು ಹೋದ ದಾರಿಯಲ್ಲಿ ಒಬ್ಬ ಮಾತ್ರ ಮಕ್ಕಳ ಮರಳಕ್ಷರ ನೋಡಿಕೊಂಡು ಹೋದ ಅಂತ ನನಗೆ ಅವನ ಮೇಲೆ ಪ್ರೀತಿ.

ಕುಮಟಾದ ಕಥೆ ಇನ್ನೂ ವಿಚಿತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹತ್ತಿ ಪೇಟೆಯಲ್ಲಿ 'ಕುಮ್ಟಾ' ಅನ್ನೋದು ಒಂದು ಹತ್ತಿಯ ತಳಿಯ ಹೆಸರು. ಮಳೆ ಸುರಿಯುವ ಕುಮಟಾದಲ್ಲಿ ಹತ್ತಿ ಎಲ್ಲಿ ಬೆಳೀಬೇಕು? ಆ ಹತ್ತಿ ಬೆಳೆದದ್ದು ಧಾರವಾಡ, ಹುಬ್ಬಳ್ಳಿ ಕಡೆಯ ಎರೆಭೂಮಿಯಲ್ಲಿ. ಎತ್ತಿನ ಮೇಲೆ, ಆಮೇಲೆ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಮುಂಬೈಗೆ, ಅಲ್ಲಿಂದ ಲಿವರ್‌ಪೂಲಿಗೆ. ಬೆಳೆದ ಊರಿನ ಹೆಸರು ದಾರಿಯಲ್ಲಿ ಬಿದ್ದುಹೋಗಿ ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು. 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ಈ ಹೆಸರಿಗೆ ಬಂಗಾರದ ಬೆಲೆ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ಮತ್ತು ಕಾರವಾರದ ಬಂದರಿನ ಲೆಕ್ಕಾಚಾರವಿತ್ತು. ಚೀಟಿಯ ಮೇಲಿನ ಊರಿನ ಹೆಸರು ಒಳಗಿನ ಸರಕಿನ ಬಗ್ಗೆ ಎಷ್ಟು ಕಮ್ಮಿ ಹೇಳುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಪಾಸ್‌ಪೋರ್ಟಿಗೆ ಬರೋಣ. ಇವತ್ತು ನಾವು ಇದೇನೋ ಅನಾದಿ ಕಾಲದ್ದು ಅನ್ನುವ ಹಾಗೆ ಮಾತಾಡ್ತೀವಿ. ಎಲ್ಲರಿಗೂ ಪಾಸ್‌ಪೋರ್ಟ್ ಕಡ್ಡಾಯ ಅನ್ನುವ ಪದ್ಧತಿ ಗಟ್ಟಿಯಾದದ್ದು ಮೊದಲ ಮಹಾಯುದ್ಧದ ಸಮಯದಲ್ಲಿ. ಭಾರತಕ್ಕೆ ಪ್ರವೇಶಿಸಲು ಪಾಸ್‌ಪೋರ್ಟ್ ಬೇಕು ಅನ್ನುವ ಕಾಯ್ದೆ 1920ರದ್ದು. ಸ್ವಾತಂತ್ರ್ಯ ಬಂದಮೇಲೂ ಯಾರಿಗೆ ಪಾಸ್‌ಪೋರ್ಟ್ ಕೊಡಬೇಕು, ಯಾರಿಗೆ ಬೇಡ ಅನ್ನೋದು ಸರ್ಕಾರದ ಮರ್ಜಿಗೆ ಬಿಟ್ಟದ್ದಾಗಿತ್ತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ, ಮರ್ಜಿಯ ಮೇಲೆ ಅದನ್ನು ತಡೆಯುವಂತಿಲ್ಲ ಅಂತ 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲಿ ಟೋಕನ್ ಹಿಡಿದು ಕೂತಾಗ ನಾನು ಅದನ್ನು ಒಂದು ಸೇವೆ ಅಂದುಕೊಂಡಿದ್ದೆ. ಅದು ಯಾರೋ ಕೋರ್ಟಿಗೆ ಹೋಗಿ ಗೆದ್ದುಕೊಟ್ಟ ಹಕ್ಕು ಅಂತ ಆಮೇಲೆ ಗೊತ್ತಾಯಿತು.

ಕೊಲ್ಲಿ ನಮಗೆ ಅಷ್ಟು 'ವಿದೇಶ'ವೂ ಆಗಿರಲಿಲ್ಲ. 1966ರವರೆಗೆ ದುಬೈಯಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರುತ್ತಿದೆ ಅಂತ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತ್ತು. 1966ರಲ್ಲಿ ರೂಪಾಯಿ ಅಪಮೌಲ್ಯವಾದಾಗ ಅಲ್ಲಿಯವರು ಅದನ್ನು ಕೈಬಿಟ್ಟರು. ದಿರ್ಹಂ ಬಂದದ್ದು 1973ರಲ್ಲಿ. ಗೆಳೆಯನ ಅಜ್ಜ ಮದ್ರಾಸಿನಲ್ಲಿ ಬಟ್ಟೆ ವ್ಯಾಪಾರ ಮಾಡಿದವರು. ಅಪ್ಪ ಎಪ್ಪತ್ತರ ದಶಕದಲ್ಲಿ ಮುಂಬೈಯಿಂದ ಹಡಗು ಹತ್ತಿ ದುಬೈಗೆ ಹೋದವರು. ಹೌದು, ಹಡಗು. ಬ್ರಿಟಿಷ್ ಇಂಡಿಯಾ ಕಂಪನಿಯ 'ದ್ವಾರಕಾ' ಮುಂಬೈ-ಕೊಲ್ಲಿ ನಡುವೆ 1982ರವರೆಗೂ ಓಡಾಡುತ್ತಿತ್ತು.

ಹತ್ತನೆ ಕ್ಲಾಸು ಮುಗಿಸದ ಅವರ ಪಾಸ್‌ಪೋರ್ಟಿನಲ್ಲಿ ಆಮೇಲೆ ಒಂದು ಮುದ್ರೆ ಬಿತ್ತು: ಇಸಿಆರ್. 1983ರ ವಲಸೆ ಕಾಯ್ದೆಯ ಪ್ರಕಾರ ಮೆಟ್ರಿಕ್ ಪಾಸಾಗದವರು ಕೊಲ್ಲಿಯಂಥ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ವಿಶೇಷ ಅನುಮತಿ ಬೇಕು. ಈಗ ಆ ಪಟ್ಟಿಯಲ್ಲಿ 18 ದೇಶಗಳಿವೆ. ಉದ್ದೇಶ ಒಳ್ಳೆಯದೇ, ಏಜೆಂಟರ ಮೋಸದಿಂದ ಕಾಪಾಡುವುದು. ಆದರೆ ಓದಿದವನಿಗೊಂದು ಸಾಲು, ಓದದವನಿಗೊಂದು ಸಾಲು ಆಗಿಹೋಯಿತು. 2018ರ ಜನವರಿಯಲ್ಲಿ ಇಸಿಆರ್ ಇರುವವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತು. ದೂರದಿಂದಲೇ ಗುರುತು ಸಿಗುವ ಹಾಗೆ. ಗಲಾಟೆಯಾಗಿ ಅದೇ ತಿಂಗಳು ವಾಪಸ್ ತಗೊಂಡರು, ಪುಣ್ಯ.

ಇಷ್ಟೆಲ್ಲ ಇತಿಹಾಸ ಹೇಳಿದ್ದು ಒಂದು ನಲವತ್ತು ನಿಮಿಷದ ಕಥೆ ಹೇಳಲಿಕ್ಕೆ.

ನಮ್ಮದೇ ದೇಶದ ಒಂದು ವಿಮಾನ ನಿಲ್ದಾಣ. ರಾತ್ರಿಯ ವಿಮಾನ. ಗೆಳೆಯನ ಕೈಯಲ್ಲಿ ಒಂದು ಪಾರದರ್ಶಕ ಫೈಲು. ಅದರಲ್ಲಿ ವೀಸಾದ ಪ್ರಿಂಟು, ಕಂಪನಿಯ ಪತ್ರ, ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಸಂಬಳದ ಚೀಟಿ, ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸು. ಎಲ್ಲ ಒಂದರ ಹಿಂದೆ ಒಂದು, ಕೇಳಬಹುದಾದ ಪ್ರಶ್ನೆಗಳ ಕ್ರಮದಲ್ಲಿ. ನನ್ನದೆಲ್ಲ ಮೊಬೈಲಿನಲ್ಲಿ ಅಲ್ಲೊಂದು ಇಲ್ಲೊಂದು. "ಇಷ್ಟೆಲ್ಲ ಯಾಕೋ?" ಅಂತ ನಕ್ಕಿದ್ದೆ. ಅವನೂ ನಕ್ಕಿದ್ದ. "ನಿಂಗೆ ಬೇಡ, ನಂಗೆ ಬೇಕು" ಅಂದಿದ್ದ. ತಮಾಷೆ ಅಂದುಕೊಂಡಿದ್ದೆ.

ನನ್ನ ಸರದಿ ಮೊದಲು ಬಂತು. ಅಧಿಕಾರಿ ಪಾಸ್‌ಪೋರ್ಟ್ ತಿರುವಿ ನೋಡಿದ. ಹುಟ್ಟಿದ ಊರು ಹೊನ್ನಾವರ ಅಂತ ಇದೆ.

"ಹೊನ್ನಾವರ ಅಂದ್ರೆ ಭಟ್ಕಳದ ಹತ್ರಾನಾ?"

ಅವನ ದನಿಯಲ್ಲಿ ಏನಿತ್ತೋ ಗೊತ್ತಿಲ್ಲ. ಬರೀ ಕುತೂಹಲವೂ ಇರಬಹುದು. ಭಟ್ಕಳದ ಹೆಸರು ಕೆಲವರ ಹೆಸರಿನ ಬಾಲಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಟಿವಿಯಲ್ಲಿ ಸುದ್ದಿಯಾದದ್ದು ನಿಮಗೂ ನೆನಪಿರುತ್ತೆ. ಉಳಿದ ಸಾವಿರಾರು ಜನ, ಅಂಗಡಿಯವರು, ಮೀನಿನವರು, ಮೇಷ್ಟರುಗಳು, ಇಂಜಿನಿಯರುಗಳು, ಆ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಹೊತ್ತು ತಿರುಗುತ್ತಾರೆ. ಈಗ ನಾನು ಏನು ಹೇಳಿದೆ ಗೊತ್ತಾ?

"ಇಲ್ಲ ಸರ್, ದೂರ."

ಒಂದು ತಾಸಿನ ದಾರಿ. ಕಾಲೇಜಿನ ದಿನಗಳಲ್ಲಿ ಈದ್ ಊಟಕ್ಕೆ ನಾನು ಹೋಗುತ್ತಿದ್ದ ಊರು. ಠಪ್ ಅಂತ ಮುದ್ರೆ ಬಿತ್ತು. ಎರಡು ನಿಮಿಷದಲ್ಲಿ ಆಚೆ ಇದ್ದೆ.

ಹಿಂತಿರುಗಿ ನೋಡಿದರೆ ಗೆಳೆಯನನ್ನು ಪಕ್ಕಕ್ಕೆ ಕರೆದೊಯ್ಯುತ್ತಿದ್ದರು. ಅದೇ ಕಂಪನಿ, ಅದೇ ವೀಸಾ, ಅದೇ ಪತ್ರ, ಅದೇ ಹೋಟೆಲಿನ ಪಕ್ಕದ ರೂಮು. ಗಾಜಿನ ಆಚೆ ಅವನು ಫೈಲು ತೆರೆದು ಒಂದೊಂದೇ ಹಾಳೆ ತೆಗೆದಿಡುವುದು ಕಾಣುತ್ತಿತ್ತು. ವಾಪಸ್ ಹೋಗಿ "ಇವನು ನನ್ನ ಜೊತೆಯವನು" ಅನ್ನಬೇಕಿತ್ತು. ಹೋಗಲಿಲ್ಲ. ನಿಯಮ ಹಾಗಿಲ್ಲ, ಒಳಗೆ ಬಂದಮೇಲೆ ಹೊರಗೆ ಹೋಗುವಂತಿಲ್ಲ ಅಂತ ನನಗೆ ನಾನೇ ಹೇಳಿಕೊಂಡು, ಸೆಂಟಿನ ಅಂಗಡಿಯ ಮುಂದೆ ಬಾಟಲಿ ನೋಡುವವನ ಹಾಗೆ ನಿಂತೆ. ನಲವತ್ತು ನಿಮಿಷ.

ಬಂದ. "ಏನು ಕೇಳಿದರು?" ಅಂದೆ. "ಅದೇ. ಅಪ್ಪ ಏನು ಮಾಡ್ತಾರೆ, ಭಟ್ಕಳದಲ್ಲಿ ಯಾವ ಕೇರಿ, ದುಬೈಯಲ್ಲಿ ಯಾರಿದಾರೆ. ಕಾಫಿ ಕುಡಿಯೋಣ ಬಾ" ಅಂದ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ದನಿ ಏರಿಸಬೇಡ, ತಮಾಷೆ ಮಾಡಬೇಡ, ಸುಳ್ಳು ಹೇಳಬೇಡ: ಇದು ಅವನಿಗೆ ಅವನಪ್ಪ ಹೇಳಿಕೊಟ್ಟ ಪಾಠ. ನಮ್ಮ ಮನೆಯಲ್ಲಿ ಮಗ್ಗಿ ಕಲಿಸಿದ ಹಾಗೆ ಅವನ ಮನೆಯಲ್ಲಿ ಇದನ್ನು ಕಲಿಸಿದ್ದರು.

ದುಬೈಯಲ್ಲಿ ಇಬ್ಬರಿಗೂ ಒಂದೊಂದು ನಿಮಿಷ ಸಾಕಾಯಿತು. ಕಸ್ಟಮ್ಸ್‌ನವನು ನನ್ನ ಉಪ್ಪಿನಕಾಯಿ ಡಬ್ಬಿ ಬಿಚ್ಚಿಸಿ, ಮೂಸಿ, ಮುಖ ಕಿವಿಚಿ, ಕೈಸನ್ನೆಯಲ್ಲೇ ಹೋಗು ಅಂದ. ಗಸಗಸೆ ಊರಲ್ಲೇ ಉಳಿದಿತ್ತು, ಅಡಿಕೆಯೂ. ಸರಕಿನ ವಿಷಯದಲ್ಲಿ ನನ್ನ ತಯಾರಿ ಪಕ್ಕಾ ಇತ್ತು. ತಪ್ಪು ಡಿಕ್ಲರೇಷನ್ ಕೊಟ್ಟದ್ದು ಬೇರೆ ಕೌಂಟರಿನಲ್ಲಿ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಆರು ವಾರದಲ್ಲಿ, ರಜೆಯ ದಿನಗಳಲ್ಲಿ, ನಾನು ಇಬ್ನ್ ಬತೂತ, ಕಾರ್ತಾಜು, ಕುಮಟಾ ಹತ್ತಿ ಅಂತ ಓದಲು ಶುರುಮಾಡಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದ ಅಲ್ಲ, ನಾಚಿಕೆಯಿಂದ. ಓದುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಕಾಗದ ಕೇಳುವುದು ತಪ್ಪಲ್ಲ. ಊರಿಗೆ ಬಾಗಿಲು ಇರಬೇಕು, ಬಾಗಿಲಲ್ಲಿ ಯಾರೋ ಕೂತು ಕೇಳಬೇಕು. ಆದರೆ ಕಾಗದದ ಮೇಲಿನ ಊರಿನ ಹೆಸರಿಗೆ ಅರ್ಥ ತುಂಬುವವರು ಆ ಊರಿನವರಲ್ಲ, ಆಯಾ ಕಾಲದಲ್ಲಿ ಕೇಳುವ ಜಾಗದಲ್ಲಿ ಕೂತವರು. ವಿಜಯನಗರದವರಿಗೆ ಭಟ್ಕಳ ಅಂದರೆ ಕುದುರೆ, ಬಾರ್ಬೋಸಾನಿಗೆ ಸಕ್ಕರೆ, ಟಿವಿಯವರಿಗೆ ಇನ್ನೇನೋ. ಲಿವರ್‌ಪೂಲಿನವನಿಗೆ ಕುಮಟಾ ಅಂದರೆ ಕುಮಟಾ ನೋಡೇ ಇರದ ಹತ್ತಿ. ಸುಂಕದವನು ಚೀಟಿ ಓದುತ್ತಾನೆ, ಅದು ಅವನ ಕೆಲಸ. ಚೀಟಿಯನ್ನೇ ಮನುಷ್ಯ ಅಂತ ನಾನು, ಒಂದೇ ರೂಮಿನಲ್ಲಿ ನಾಲ್ಕು ವರ್ಷ ಮಲಗಿದವನು, ಒಪ್ಪಿಕೊಂಡದ್ದು ನನ್ನ ತಪ್ಪು.

ಒಂದು ದಿನ ಕ್ರೀಕಿನ ದಂಡೆಯಲ್ಲಿ, ಮರದ ಹಡಗುಗಳಿಗೆ ಸರಕು ಹೇರುವುದನ್ನು ನೋಡುತ್ತ ಕೂತಾಗ ಗೆಳೆಯನಿಗೆ ಹೇಳಿಬಿಟ್ಟೆ. ಭಟ್ಕಳ ದೂರ ಅಂತ ಹೇಳಿದೆ ಕಣೋ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾನೂ ಒಂದೊಂದ್ಸಲ ಮಂಗಳೂರಿನ ಕಡೆ ಅಂತೀನಿ ಮಾರಾಯ" ಅಂದ. ಅಷ್ಟೇ. ಅವನು ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಹೊಸದಾಗಿ ವಿದೇಶಕ್ಕೆ ಹೊರಟವರು ಈಗ ನನ್ನನ್ನು ಕೇಳ್ತಾರೆ, ಏನೇನು ರೆಡಿ ಮಾಡ್ಕೋಬೇಕು ಅಂತ. ಹೇಳ್ತೀನಿ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಾದರೂ ಉಳಿದಿರಲಿ. ಕಾಗದಗಳು ಮೊಬೈಲಿನಲ್ಲಿ ಮಾತ್ರ ಬೇಡ, ಪ್ರಿಂಟೂ ಇರಲಿ. ಇಳಿದುಕೊಳ್ಳುವ ಜಾಗದ ವಿಳಾಸ ಬಾಯಿಪಾಠ ಇರಲಿ. ಹೋಗುವ ದೇಶದ ನಿಷೇಧದ ಪಟ್ಟಿಯನ್ನು ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲೇ ಓದಿ, ಅಡುಗೆಮನೆಯ ಡಬ್ಬಿಗಳನ್ನು ಅದಕ್ಕೆ ತಾಳೆ ನೋಡಿ. ಬೇರೆಯವರು ಕೊಟ್ಟ ಪೊಟ್ಟಣ ಬಿಚ್ಚಿ ನೋಡದೆ ಒಯ್ಯಬೇಡಿ. ಅನುಮಾನವಿದ್ದರೆ ರೆಡ್ ಚಾನೆಲ್‌ಗೆ ಹೋಗಿ ಹೇಳಿಬಿಡಿ. ಹೇಳಿದವನಿಗೆ ಸಾಮಾನು ಹೋಗಬಹುದು, ಮುಚ್ಚಿಟ್ಟವನಿಗೆ ಮಾನವೂ ಹೋಗಬಹುದು. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಅಂತ ಇಲ್ಲ, ಕೊನೆಯ ತೀರ್ಮಾನ ಕೌಂಟರಿನವನದ್ದೇ. ಕೇಳಿದ್ದಕ್ಕೆ ಚಿಕ್ಕದಾಗಿ, ನಿಜವಾಗಿ ಉತ್ತರ ಕೊಡಿ. ಜೊತೆಗೆ ಬಂದವನನ್ನು ಪಕ್ಕಕ್ಕೆ ಕರೆದರೆ ಕಣ್ಣಿಗೆ ಕಾಣುವ ಕಡೆ ನಿಂತು ಕಾಯಿರಿ.

ವಾಪಸ್ ಬರುವಾಗ ಎರಡು ಕೇಜಿ ಖರ್ಜೂರ ತಂದಿದ್ದೆ. ಅಪ್ಪಯ್ಯ ಒಂದು ಬಾಯಿಗೆ ಹಾಕಿಕೊಂಡು, "ಇದನ್ನ ಬಿಟ್ಟಿದ್ವಾ?" ಅಂತ ಕೇಳಿದರು. ಬಿಟ್ಟರು ಅಂದೆ.

ಆಮೇಲೆ ಏಳೆಂಟು ಸಲ ಆ ಕೌಂಟರುಗಳ ಮುಂದೆ ನಿಂತಿದ್ದೇನೆ. ಪ್ರತಿ ಸಲ ಉತ್ತರ ತಯಾರು ಮಾಡಿಕೊಂಡೇ ಹೋಗುತ್ತೇನೆ: ಹೌದು ಸರ್, ಹತ್ತಿರ, ಒಂದೇ ತಾಸು, ನನ್ನ ಗೆಳೆಯನ ಊರು ಅದು. ಇಲ್ಲಿಯವರೆಗೆ ಯಾರೂ ಮತ್ತೆ ಆ ಪ್ರಶ್ನೆ ಕೇಳಿಲ್ಲ.